ಎಣ್ಣೆ ಕೊಟ್ಟರೂ ನಾಯಿಯ ಮೈ ಹೊಳೆಯದಿದ್ದರೆ: ದೋಷ ಹುಡುಕುವ ಕೈಪಿಡಿ

ನಾಯಿಯ ಕೂದಲು ಉದುರತೊಡಗಿದರೆ ಹುಬ್ಬಳ್ಳಿ-ಧಾರವಾಡದಲ್ಲಿ ಯಾರನ್ನು ಕೇಳಿದರೂ ಸಿಗುವ ಸಲಹೆ ಒಂದೇ: ಊಟದಲ್ಲಿ ಎಣ್ಣೆ ಹಾಕಿ. ಸಲಹೆ ಪೂರ್ತಿ ಸುಳ್ಳಲ್ಲ. ಆದರೆ ಎಣ್ಣೆಗೆ ಬಗ್ಗುವ ದೋಷಗಳು ಎರಡೇ ಎರಡು. ಚರ್ಮಕ್ಕೆ ಬೇಕಾದ ಕೊಬ್ಬಿನಾಮ್ಲ ಊಟದಲ್ಲಿ ಕಡಿಮೆ ಬೀಳುತ್ತಿರುವುದು ಒಂದು. ಅಲರ್ಜಿಯಿಂದ ಕೆರಳಿದ ಚರ್ಮ ಇನ್ನೊಂದು. ಎರಡನೆಯದರಲ್ಲೂ ಎಣ್ಣೆಯಿಂದ ಸಿಗುವುದು ಸ್ವಲ್ಪ ಉಪಶಮನ ಮಾತ್ರ. ಚಿಗಟ, ಉಣ್ಣಿ, ಕಜ್ಜಿ, ಹುಳುಕಡ್ಡಿ, ಥೈರಾಯ್ಡ್ ಕೊರತೆ ಇವು ಯಾವುವೂ ಎಣ್ಣೆಯ ಮಾತು ಕೇಳುವುದಿಲ್ಲ. ಎರಡು ತಿಂಗಳು ಎಣ್ಣೆ ಸುರಿದೆವು, ಏನೂ ಆಗಲಿಲ್ಲ ಎನ್ನುವವರಲ್ಲಿ ಕೆಲವರು ಎಣ್ಣೆಗೆ ಸಂಬಂಧವೇ ಇಲ್ಲದ ರೋಗಕ್ಕೆ ಎಣ್ಣೆ ಕೊಡುತ್ತಿರುತ್ತಾರೆ. ಉಳಿದವರು ತಪ್ಪು ಎಣ್ಣೆಯನ್ನೋ, ಹಳಸಿದ ಎಣ್ಣೆಯನ್ನೋ, ಲೆಕ್ಕಕ್ಕೆ ಬಾರದಷ್ಟು ಕಡಿಮೆ ಎಣ್ಣೆಯನ್ನೋ ಕೊಡುತ್ತಿರುತ್ತಾರೆ.

ಆದ್ದರಿಂದ ಬಾಟಲಿ ಬದಲಿಸುವ ಮೊದಲು ನಾಯಿಯನ್ನು ಬೆಳಕಿಗೆ ಕರೆತನ್ನಿ.

ಮೊದಲ ಕವಲು: ತುರಿಕೆ ಇದೆಯೇ, ಇಲ್ಲವೇ?

ಇದೊಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಕಾಲಿನಿಂದ ಕೆರೆದುಕೊಳ್ಳುವುದಷ್ಟೇ ತುರಿಕೆ ಎಂದು ತಿಳಿಯಬೇಡಿ. ಪಂಜ ನೆಕ್ಕುತ್ತಲೇ ಇರುವುದು, ಸೋಫಾಕ್ಕೆ ಮುಖ ಉಜ್ಜುವುದು, ಬಾಲದ ಬುಡವನ್ನು ಮುಂದಿನ ಹಲ್ಲಿನಿಂದ ಕಟಕಟ ಕಚ್ಚುವುದು, ಪದೇ ಪದೇ ಕಿವಿ ಕೊಡವುವುದು, ಇವೆಲ್ಲವೂ ತುರಿಕೆಯೇ. ಬಿಳಿ ಅಥವಾ ಕೆನೆ ಬಣ್ಣದ ನಾಯಿಯ ಪಂಜದ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಅದು ನೀವು ನೋಡದ ಹೊತ್ತಿನಲ್ಲಿ ನೆಕ್ಕುತ್ತಿದೆ. ಎಂಜಲಿನ ಕಲೆ ಅದು.

ತುರಿಕೆ ಮೊದಲು ಬಂದು ಆಮೇಲೆ ಕೂದಲು ಹೋಗಿದ್ದರೆ ಕೂದಲನ್ನು ಕಿತ್ತುಕೊಂಡಿರುವುದು ನಾಯಿಯೇ. ಕೂದಲು ಮೊದಲು ಹೋಗಿ ತುರಿಕೆಯೇ ಇಲ್ಲದಿದ್ದರೆ ದೋಷ ಸಾಮಾನ್ಯವಾಗಿ ಊಟದಲ್ಲಿದೆ ಅಥವಾ ದೇಹದ ಒಳಗಿದೆ (ತುರಿಕೆ ಇಲ್ಲದೆಯೂ ಬರಬಹುದಾದ ಹುಳುಕಡ್ಡಿ, ಡೆಮೋಡೆಕ್ಸ್ ಕಜ್ಜಿಗಳ ಮಾತು ಕೆಳಗಿದೆ). ಎರಡೂ ದಾರಿಗಳು ಬೇರೆ ಬೇರೆ. ಮನೆಯಲ್ಲಿ ನಾಲ್ವರಿದ್ದರೆ ನಾಲ್ವರನ್ನೂ ಕೇಳಿ. ರಾತ್ರಿ ನಾಯಿಯ ಪಕ್ಕದಲ್ಲಿ ಮಲಗುವ ಹುಡುಗನಿಗೆ ಗೊತ್ತಿರುವುದು ಹಗಲಿಗೆ ಊಟ ಹಾಕುವವರಿಗೆ ಗೊತ್ತಿರುವುದಿಲ್ಲ.

ತುರಿಕೆ ಇದ್ದರೆ ಎಣ್ಣೆಯನ್ನು ಪಕ್ಕಕ್ಕಿಡಿ

ಮೊದಲ ಅನುಮಾನ ಚಿಗಟದ ಮೇಲೆ. ‘ನಮ್ಮ ನಾಯಿ ಹೊರಗೇ ಹೋಗುವುದಿಲ್ಲ’ ಎನ್ನುವ ವಾದವನ್ನು ಒಪ್ಪಬೇಡಿ. ಧಾರವಾಡದ ಸಪ್ತಾಪುರದ ಮೂರನೇ ಮಹಡಿಯ ಮನೆಗೂ ಚಿಗಟ ಬರುತ್ತದೆ. ಪರೀಕ್ಷೆ ಸುಲಭ. ಬಿಳಿ ಕಾಗದವನ್ನು ಒದ್ದೆ ಮಾಡಿ ನೆಲಕ್ಕೆ ಹಾಸಿ, ನಾಯಿಯನ್ನು ಅದರ ಮೇಲೆ ನಿಲ್ಲಿಸಿ. ಸಣ್ಣ ಹಲ್ಲಿನ ಹೇನು ಬಾಚಣಿಗೆಯಿಂದ ಸೊಂಟದಿಂದ ಬಾಲದ ಬುಡದ ಕಡೆಗೆ, ಕೂದಲಿನ ಬುಡಕ್ಕೆ ಒತ್ತಿ ಬಾಚಿ. ಕರಿಮೆಣಸನ್ನು ಜಜ್ಜಿದಂತಹ ಕಪ್ಪು ಕಾಳುಗಳು ಉದುರುತ್ತವೆ. ಒದ್ದೆ ಕಾಗದದ ಮೇಲೆ ಒಂದೆರಡು ನಿಮಿಷ ಬಿಟ್ಟು ಬೆರಳಿನಿಂದ ತೀಡಿ. ಕಂದು ಬಣ್ಣ ಹರಡಿದರೆ ಅದು ಎರೆ ಮಣ್ಣು. ಕಾಳಿನ ಸುತ್ತ ಕೆಂಪು ಉಂಗುರ ಮೂಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ನಿಮ್ಮ ನಾಯಿಯದೇ ಜೀರ್ಣವಾದ ರಕ್ತ. ಒಂದೂ ಜೀವಂತ ಚಿಗಟ ಕಾಣದಿದ್ದರೂ ಈ ಕೆಂಪು ಸಾಕು. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ದಿನಗಟ್ಟಲೆ ಕೆರೆಯಲು ಬೆರಳೆಣಿಕೆಯ ಕಡಿತಗಳೇ ಸಾಕಾಗುತ್ತವೆ. ಮನೆಯಲ್ಲಿರುವ ಎಲ್ಲ ಪ್ರಾಣಿಗಳಿಗೂ ಒಟ್ಟಿಗೆ ಔಷಧಿ ಆಗಬೇಕು, ಹಾಸಿಗೆ-ಚಾಪೆಗಳೂ ತೊಳೆಯಲ್ಪಡಬೇಕು. ಚಿಗಟದ ಮೊಟ್ಟೆ, ಮರಿಗಳಲ್ಲಿ ಬಹುಪಾಲು ಇರುವುದು ನಾಯಿಯ ಮೈಮೇಲೆ ಅಲ್ಲ, ನೆಲದಲ್ಲಿ.

ಉಣ್ಣಿ ಕಣ್ಣಿಗೆ ಬೀಳುತ್ತದೆ, ಹೇಳಬೇಕಾಗಿಲ್ಲ. ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ, ಕೊರಳ ಪಟ್ಟಿಯ ಕೆಳಗೆ ಹುಡುಕಿ. ಆದರೆ ಒಂದು ಎಚ್ಚರ: ಉಣ್ಣಿಗಳಿರುವ ನಾಯಿ ಮಂಕಾಗಿ, ಊಟ ಬಿಟ್ಟು, ಜ್ವರ ಬಂದು, ಒಸಡು ಬಿಳಚಿಕೊಂಡರೆ ಅಥವಾ ಮೂಗಿನಿಂದ ರಕ್ತ ಸೋರಿದರೆ ಅದು ಚರ್ಮದ ಮಾತಲ್ಲ. ಉಣ್ಣಿ ತರುವ ಎರ್ಲಿಕಿಯಾ, ಬಬೇಸಿಯಾದಂತಹ ರೋಗಗಳು ನಮ್ಮ ಕಡೆ ಸಾಮಾನ್ಯ. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹೊಲದ ಮನೆಗಳಲ್ಲಿ ದನಕ್ಕೆಂದು ತಂದ ಉಣ್ಣಿ ಔಷಧಿಯನ್ನೇ ಅದೇ ಪ್ರಮಾಣದಲ್ಲಿ ನಾಯಿಗೂ ಬಳಿಯುವುದುಂಟು. ದಯವಿಟ್ಟು ಬೇಡ. ಎಮ್ಮೆಗೆ ತಡೆಯುವ ವಿಷ ಹತ್ತು ಕೆಜಿಯ ನಾಯಿಗೆ ತಡೆಯುವುದಿಲ್ಲ, ಮೇಲಾಗಿ ನಾಯಿ ಮೈ ನೆಕ್ಕುತ್ತದೆ.

ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗಿಣ್ಣುಗಳಲ್ಲಿ ಹಕ್ಕಳೆ ಕಟ್ಟಿ, ನಿದ್ದೆ ಕೆಡಿಸುವಷ್ಟು ತುರಿಕೆ ಇದ್ದರೆ ಅದು ಸಾರ್ಕಾಪ್ಟಿಕ್ ಕಜ್ಜಿ ಇರಬಹುದು. ಕಿವಿಯ ಅಂಚನ್ನು ಮಡಿಚಿ ಹೆಬ್ಬೆರಳು-ತೋರುಬೆರಳಿನ ನಡುವೆ ಕೆಲವು ಕ್ಷಣ ಉಜ್ಜಿ ನೋಡಿ. ಅದೇ ಬದಿಯ ಹಿಂಗಾಲು ತಾನಾಗಿ ಗಾಳಿಯಲ್ಲಿ ಕೆರೆಯತೊಡಗಿದರೆ ಅನುಮಾನ ಗಟ್ಟಿಯಾಗುತ್ತದೆ. ಜೊತೆಗೆ ಮನೆಯವರ ಮುಂಗೈ, ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಎದ್ದಿದ್ದರೆ ತಡ ಮಾಡಬೇಡಿ, ಇದು ಮನುಷ್ಯರಿಗೂ ಅಂಟುತ್ತದೆ. ದುಂಡಗೆ ಕೂದಲು ಹೋಗಿ ಅಂಚಿನಲ್ಲಿ ಹೊಟ್ಟಿದ್ದರೆ ಹುಳುಕಡ್ಡಿ. ಇದೂ ಅಂಟುವಂಥದ್ದೇ, ತುರಿಕೆ ಇರಲೇಬೇಕೆಂದಿಲ್ಲ. ಮರಿಯ ಕಣ್ಣಿನ ಸುತ್ತ, ಪಂಜದ ಮೇಲೆ ಕೂದಲು ತೆಳುವಾಗಿ ತುರಿಕೆ ಅಷ್ಟಾಗಿ ಇಲ್ಲದಿದ್ದರೆ ಡೆಮೋಡೆಕ್ಸ್ ಎಂಬ ಬೇರೆ ಕಜ್ಜಿ. ಈ ಮೂರಕ್ಕೂ ವೈದ್ಯರು ಚರ್ಮವನ್ನು ಸ್ವಲ್ಪ ಕೆರೆದು ಅಥವಾ ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನೋಡದೆ ಚುಚ್ಚುಮದ್ದು ಬರೆಯುವ ಕಡೆ, ಕೆರೆದು ನೋಡುತ್ತೀರಾ ಎಂದು ಕೇಳುವ ಹಕ್ಕು ನಿಮಗಿದೆ. ಗದಗಿನಲ್ಲಂತೂ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ.

ಧಾರವಾಡದ ಮಳೆಗಾಲಕ್ಕೆ ಪ್ರತ್ಯೇಕ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಜಿಟಿಜಿಟಿ ಮಳೆ ಹಿಡಿದರೆ ನಾಯಿಯ ಮೈ ಒಣಗುವುದೇ ಇಲ್ಲ. ಕಂಕುಳು, ಕಿವಿ, ಬೆರಳ ಸಂದಿಗಳಲ್ಲಿ ಮಲಸೀಜಿಯಾ ಎಂಬ ಯೀಸ್ಟ್ ಹೆಚ್ಚುತ್ತದೆ. ಮೂಗು ಹತ್ತಿರ ಒಯ್ದರೆ ಹಳಸಿದ ಹಿಟ್ಟಿನ ವಾಸನೆ. ಮುಟ್ಟಿದರೆ ಕೈಗೆ ಜಿಡ್ಡು. ಹಳೆಯದಾದರೆ ಚರ್ಮ ಕಪ್ಪಾಗಿ ದಪ್ಪವಾಗುತ್ತದೆ. ಈ ಯೀಸ್ಟ್ ಕೊಬ್ಬನ್ನೇ ತಿಂದು ಬೆಳೆಯುವಂಥದ್ದು. ಇಂಥ ನಾಯಿಯ ಮೈಗೆ ಎಣ್ಣೆ ತಿಕ್ಕಿದರೆ ಯೀಸ್ಟಿಗೆ ಔತಣ ಕೊಟ್ಟಂತೆ. ಅದೇ ಹೊತ್ತಿನಲ್ಲಿ ಮುಂಡರಗಿ, ಶಿರಹಟ್ಟಿಯ ಕಡೆಯ ನಾಯಿಗೆ ಈ ತೊಂದರೆ ಕಡಿಮೆ. ಅಲ್ಲಿ ಡಿಸೆಂಬರ್-ಜನವರಿಯ ಒಣಗಾಳಿಗೆ ಹೊಟ್ಟು ಏಳುವುದು ಹೆಚ್ಚು. ಒಂದೇ ತಳಿ, ಒಂದೇ ಊಟ, ಊರು ಬೇರೆ ಎಂದರೆ ದೋಷವೂ ಬೇರೆ ಇರಬಹುದು.

ಇವೆಲ್ಲ ಕಳೆದು ಉಳಿಯುವುದು ಅಲರ್ಜಿ. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗಿ ಪಂಜ, ಹೊಟ್ಟೆ, ಕಿವಿ, ಮುಖಗಳಲ್ಲಿ ಕಾಣಿಸಿಕೊಂಡು ಮರಳಿ ಮರಳಿ ಬರುತ್ತಿದ್ದರೆ ವೈದ್ಯರು ಅದನ್ನೇ ಶಂಕಿಸುತ್ತಾರೆ. ಮೀನಿನ ಎಣ್ಣೆಗೆ ಇಲ್ಲಿ ನಿಜವಾದ ಪಾತ್ರವಿದೆ, ಅದೂ ಔಷಧಿಯ ಜೊತೆಗಾರನಾಗಿ. ಅದರಲ್ಲಿರುವ ಇಪಿಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ಉರಿಯೂತ ಹುಟ್ಟಿಸುವ ರಾಸಾಯನಿಕಗಳ ತಯಾರಿಯನ್ನು ತಗ್ಗಿಸುತ್ತದೆ. ಹಾಗಾಗಿ ಕಾಲಕ್ರಮದಲ್ಲಿ ಔಷಧಿಯ ಪ್ರಮಾಣ ಇಳಿಸಲು ಅನುಕೂಲವಾಗಬಹುದು.

ತುರಿಕೆ ಇಲ್ಲ, ಮೈ ಮಾತ್ರ ಮಂಕು

ಈಗ ಬಟ್ಟಲನ್ನು ನೋಡಿ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ನಾಯಿಯ ಊಟವೆಂದರೆ ಜೋಳದ ರೊಟ್ಟಿ ಮುರಿದು ಹಾಲಿಗೆ ಹಾಕಿದ್ದು, ಮಧ್ಯಾಹ್ನ ಅನ್ನ-ಸಾರು. ಹೊಟ್ಟೆ ತುಂಬುತ್ತದೆ, ನಾಯಿ ಬಾಲವನ್ನೂ ಆಡಿಸುತ್ತದೆ. ಆದರೆ ಕೂದಲೆಂದರೆ ಬಹುತೇಕ ಪ್ರೋಟೀನು. ನಾಯಿ ದಿನವೂ ತಿನ್ನುವ ಪ್ರೋಟೀನಿನಲ್ಲಿ ಶೇ 25ರಿಂದ 30ರಷ್ಟು ಚರ್ಮ ಮತ್ತು ಕೂದಲಿಗೇ ಖರ್ಚಾಗಬಹುದು. ರೊಟ್ಟಿ-ಹಾಲಿನ ಮೇಲೆ ಒಂದು ಚಮಚ ಎಣ್ಣೆ ಸುರಿದರೆ ಬಟ್ಟಲಿನಲ್ಲಿ ಪ್ರೋಟೀನಿನ ಪಾಲು ಇನ್ನಷ್ಟು ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಜೋಳದಂತಹ ಧಾನ್ಯಗಳಲ್ಲಿರುವ ಫೈಟೇಟ್ ಎಂಬ ಅಂಶ ಸತುವನ್ನು ಹಿಡಿದಿಟ್ಟುಕೊಳ್ಳುವುದು ಇನ್ನೊಂದು ಪೆಟ್ಟು. ಸತು ಕಡಿಮೆಯಾದರೆ ಬಾಯಿ, ಕಣ್ಣುಗಳ ಸುತ್ತ ಮತ್ತು ಪಾದದ ಗದ್ದಿಗಳ ಮೇಲೆ ದಪ್ಪ ಹಕ್ಕಳೆ ಕಟ್ಟುತ್ತದೆ. ಹುಬ್ಬಳ್ಳಿಯ ಬಿಸಿಲಿನಲ್ಲಿ ಹಸ್ಕಿ ಸಾಕುವ ಹುಮ್ಮಸ್ಸಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಆ ತಳಿಗೆ ಸತು ಹೀರಿಕೊಳ್ಳುವುದರಲ್ಲೇ ತೊಡಕಿರುವುದುಂಟು. (ಆ ತಳಿಯನ್ನು ಇಲ್ಲಿ ಸಾಕಬೇಕೇ ಎಂಬುದು ಬೇರೆ ಜಗಳ.)

ಇಂಥ ನಾಯಿಗೆ ಮೊದಲು ಬೇಯಿಸಿದ ಮೊಟ್ಟೆ, ಕೋಳಿ ಅಥವಾ ಮೀನು ಬೇಕು. ಮಾಂಸ ಒಲೆ ಹತ್ತದ ಮನೆಯಾದರೆ ಪನೀರು, ಮೊಸರು, ಚೆನ್ನಾಗಿ ಬೆಂದ ಬೇಳೆ, ಇಲ್ಲವೇ ಪರಿಪೂರ್ಣ ಆಹಾರ ಎಂದು ನಮೂದಿಸಿದ ಪ್ಯಾಕೆಟ್ ಊಟ. ಹಸಿ ಮೊಟ್ಟೆ ಒಡೆದು ಹಾಕಿದರೆ ಹೊಳಪು ಬರುತ್ತದೆ ಎಂಬ ನಂಬಿಕೆಯನ್ನು ಬಿಡಿ. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಚರ್ಮಕ್ಕೆ ಬೇಕಾದ ಬಯೋಟಿನ್ ಎಂಬ ವಿಟಮಿನ್ ಅನ್ನೇ ಕಟ್ಟಿಹಾಕುತ್ತದೆ. ಬೇಯಿಸಿದರೆ ಆ ತೊಂದರೆಯಿಲ್ಲ.

ಪ್ಯಾಕೆಟ್ ಊಟವನ್ನೇ ತಿನ್ನುವ ನಾಯಿ ಮಂಕಾಗಿದ್ದರೆ ಪ್ಯಾಕೆಟ್ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. ದೊಡ್ಡ ಚೀಲವನ್ನು ಬಿಚ್ಚಿಟ್ಟು ಕೆಜಿ ಲೆಕ್ಕದಲ್ಲಿ ತೂಗಿ ಕೊಡುವ ಅಂಗಡಿಯದಾದರೆ ಅದು ಎಷ್ಟು ದಿನ ಗಾಳಿಗೆ ತೆರೆದಿತ್ತೋ ಯಾರೂ ಹೇಳಲಾರರು. ಕಾಳಿನ ಮೇಲೆ ಲೇಪಿಸಿದ ಕೊಬ್ಬು ಮೊದಲು ಹಳಸುತ್ತದೆ, ಅದರ ಜೊತೆಗೆ ವಿಟಮಿನ್ ಇ ಕೂಡ ಹೋಗುತ್ತದೆ.

ಸ್ನಾನವನ್ನೂ ವಿಚಾರಿಸಿ. ಬಟ್ಟೆ ಸೋಪಿನಿಂದ ವಾರಕ್ಕೆರಡು ಸಲ ತಿಕ್ಕಿ ತೊಳೆಯುವ ಮನೆಗಳಿವೆ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು, ಅದರ ಆಮ್ಲೀಯತೆಯೂ ಕಡಿಮೆ. ಒಳಗಿನಿಂದ ಎಣ್ಣೆ ತುಂಬಿ ಹೊರಗಿನಿಂದ ಸೋಪಿನಲ್ಲಿ ಬಸಿದರೆ ಲೆಕ್ಕ ಎಂದೂ ಸರಿಹೋಗುವುದಿಲ್ಲ.

ದೋಷವೇ ಅಲ್ಲದ ಕೆಲವು ಸಂದರ್ಭಗಳೂ ಇವೆ. ಮರಿ ಹಾಕಿದ ಹೆಣ್ಣುನಾಯಿ ಎರಡು-ಮೂರು ತಿಂಗಳಿಗೆ ರಾಶಿ ರಾಶಿ ಕೂದಲು ಉದುರಿಸುತ್ತದೆ. ಚೆನ್ನಾಗಿ ಉಣಿಸಿದರೆ ತಾನಾಗಿ ಬರುತ್ತದೆ. ಋತು ಬದಲಾಗುವಾಗ ಲ್ಯಾಬ್ರಡಾರ್ ಉದುರಿಸುವ ಕೂದಲಿಗೆ ಪೊರಕೆಯೇ ಮದ್ದು. ಮುಧೋಳ ನಾಯಿಯ ಪಕ್ಕೆಲುಬು ಕಾಣುವುದನ್ನೂ ಗಿಡ್ಡ ಕೂದಲನ್ನೂ ರೋಗವೆಂದು ತಿಳಿದು ಎಣ್ಣೆ ಹಾಕುವವರಿದ್ದಾರೆ; ಆ ತಳಿಯ ಮೈಕಟ್ಟೇ ಹಾಗೆ. ಬೇಸಿಗೆಯ ಧಗೆಗೆಂದು ಪೊಮೆರೇನಿಯನ್ ನಾಯಿಯನ್ನು ಚರ್ಮದವರೆಗೆ ಬೋಳಿಸಿ, ಕೂದಲು ಮತ್ತೆ ಬರುತ್ತಿಲ್ಲ ಎಂದು ಎಣ್ಣೆ ಕೇಳುವವರಿಗೆ ಹೇಳುವುದಿಷ್ಟೇ: ಈ ತಳಿಗಳಲ್ಲಿ ಕತ್ತರಿಸಿದ ಕೂದಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವಾದರೂ ಬಾರದಿರಬಹುದು. ಅದಕ್ಕೆ ಯಾವ ಎಣ್ಣೆಯೂ ಗೊಬ್ಬರವಾಗುವುದಿಲ್ಲ.

ಆದರೆ ನಡುವಯಸ್ಸಿನ ನಾಯಿಗೆ ಎರಡೂ ಪಕ್ಕೆಗಳಲ್ಲಿ ಒಂದೇ ಸಮನಾಗಿ ಕೂದಲು ತೆಳುವಾಗಿ, ಬಾಲ ಇಲಿಯ ಬಾಲದಂತಾಗಿ, ತಿನ್ನುವುದು ಹೆಚ್ಚದಿದ್ದರೂ ತೂಕ ಏರಿ, ಸದಾ ಬಿಸಿಲು ಹುಡುಕಿಕೊಂಡು ಮಲಗುತ್ತಿದ್ದರೆ ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿ. ನೀರು ಕುಡಿಯುವುದು, ಮೂತ್ರ, ಹಸಿವು ಮೂರೂ ಹೆಚ್ಚಿ ಹೊಟ್ಟೆ ಜೋತುಬಿದ್ದಿದ್ದರೆ ಕುಶಿಂಗ್ ಎಂಬ ಹಾರ್ಮೋನ್ ರೋಗದ ಪರೀಕ್ಷೆ. ಇಲ್ಲಿ ಎಣ್ಣೆ ಕೊಡುತ್ತಾ ಕುಳಿತರೆ ತೂಕ ಮತ್ತಷ್ಟು ಏರುವುದೊಂದೇ ಫಲ.

ಬಾಟಲಿಯಲ್ಲಿರುವುದು ಯಾವ ಎಣ್ಣೆ?

ಊಟ ಸರಿಯಿದೆ, ಹುಳುಗಳಿಲ್ಲ, ರೋಗವಿಲ್ಲ, ಆದರೂ ಹೊಟ್ಟು, ಒರಟು ಕೂದಲು ಎಂದಾದರೆ ಈಗ ಎಣ್ಣೆಯ ಸರದಿ. ‘ಎಣ್ಣೆ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದರಿಂದಲೇ ಅರ್ಧ ಗೊಂದಲ.

ಚರ್ಮದ ಮೇಲ್ಪದರ ನೀರನ್ನು ಹಿಡಿದಿಟ್ಟುಕೊಳ್ಳಲು ಬೇಕಾದದ್ದು ಲಿನೋಲೆಯಿಕ್ ಆಮ್ಲ. ಇದು ಒಮೆಗಾ-6. ನಾಯಿಯ ದೇಹ ಇದನ್ನು ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಹೊಳಪು ಬೇಕು, ಹೊಟ್ಟು ಹೋಗಬೇಕು ಎನ್ನುವವರಿಗೆ ಬೇಕಾಗಿರುವುದು ಇದೇ. ಇದರ ಅತ್ಯುತ್ತಮ ಮೂಲ ನಮ್ಮ ಹೊಲದಲ್ಲೇ ಇತ್ತು: ಕುಸುಬಿ. ಅಣ್ಣಿಗೇರಿ, ನವಲಗುಂದ, ಗದಗಿನ ಎರೆ ಹೊಲಗಳಲ್ಲಿ ಹಿಂಗಾರಿಗೆ ಬರುತ್ತಿದ್ದ ಈ ಬೆಳೆಯ ಜಾಗವನ್ನು ಕಡಲೆ ಬಹುಪಾಲು ನುಂಗಿದೆ, ಆದರೂ ಗಾಣದಲ್ಲಿ ಕುಸುಬಿ ಎಣ್ಣೆ ಸಿಗುತ್ತದೆ. ಸಾಂಪ್ರದಾಯಿಕ ಕುಸುಬಿ ಎಣ್ಣೆಯಲ್ಲಿ ಲಿನೋಲೆಯಿಕ್ ಆಮ್ಲ ಶೇ 70ಕ್ಕೂ ಹೆಚ್ಚು. ಸೂರ್ಯಕಾಂತಿಯಲ್ಲಿ ಸುಮಾರು ಶೇ 60. ಪ್ಯಾಕೆಟ್ ಎಣ್ಣೆ ಕೊಳ್ಳುವುದಾದರೆ ‘ಹೈ ಓಲೆಯಿಕ್’ ಎಂದು ಬರೆದಿದ್ದನ್ನು ಬಿಡಿ. ಅದು ಬೇರೆ ತಳಿಯ ಬೀಜದ ಎಣ್ಣೆ, ನಮಗೆ ಬೇಕಾದ ಆಮ್ಲ ಅದರಲ್ಲಿ ತೀರ ಕಡಿಮೆ.

ಶೇಂಗಾ ಎಣ್ಣೆ ನಡುವಿನದು, ಲಿನೋಲೆಯಿಕ್ ಸುಮಾರು ಶೇ 20ರಿಂದ 35. ತೆಂಗಿನೆಣ್ಣೆ ಮತ್ತು ತುಪ್ಪದಲ್ಲಿ ಶೇ 2-3ರ ಆಸುಪಾಸು ಮಾತ್ರ. ತೆಂಗಿನೆಣ್ಣೆ ಕೊಟ್ಟು ಹೊಳಪು ಬರಲಿಲ್ಲ ಎನ್ನುವುದು ದೂರಾಗಲಾರದು. ಆ ಎಣ್ಣೆಯಲ್ಲಿ ಅದಕ್ಕೆ ಬೇಕಾದ ಸರಕೇ ಇಲ್ಲ. ಔಡಲೆಣ್ಣೆಯ ಸುದ್ದಿಗಂತೂ ಹೋಗಬೇಡಿ. ಅದು ಭೇದಿಯ ಮದ್ದು, ಚರ್ಮದ್ದಲ್ಲ.

ಇನ್ನು ಒಮೆಗಾ-3. ಇಲ್ಲಿ ನಮ್ಮ ಭಾಗದ ಮನೆಗಳಲ್ಲಿ ಒಂದು ನಿಜವಾದ ಇಕ್ಕಟ್ಟಿದೆ. ಮೀನಿನ ಎಣ್ಣೆಯನ್ನು ಮನೆಯೊಳಗೆ ತರಲು ಹಿರಿಯರು ಒಪ್ಪುವುದಿಲ್ಲ. ‘ಅಗಸಿಯಲ್ಲೂ ಒಮೆಗಾ-3 ಇದೆಯಲ್ಲ’ ಎಂದು ಅಗಸಿ ಎಣ್ಣೆ ಬರುತ್ತದೆ. ಇದೆ, ಸುಳ್ಳಲ್ಲ. ಅಗಸಿ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಎಎಲ್‌ಎ ಎಂಬ ಒಮೆಗಾ-3. ಆದರೆ ಅಲರ್ಜಿಯ ಉರಿ ತಗ್ಗಿಸುವ ಕೆಲಸ ಇಪಿಎಯದು, ಮತ್ತು ನಾಯಿಯ ದೇಹ ಎಎಲ್‌ಎಯನ್ನು ಇಪಿಎ ಆಗಿ ಬದಲಿಸುವುದು ಅತ್ಯಲ್ಪ. ಆದ್ದರಿಂದ ಹೀಗೆ ವಿಂಗಡಿಸಿಕೊಳ್ಳಿ: ಬರೀ ಹೊಳಪಿನ ಪ್ರಶ್ನೆಯಾದರೆ ಕುಸುಬಿ ಎಣ್ಣೆ ಸಾಕು, ಮೀನಿನ ಜಗಳ ಬೇಡವೇ ಬೇಡ. ವೈದ್ಯರು ಅಲರ್ಜಿ ಎಂದು ಹೇಳಿದ್ದರೆ ಅಗಸಿ ಎಣ್ಣೆ ಆ ಕೆಲಸ ಮಾಡಲಾರದು. ಆಗ ಪಾಚಿಯಿಂದ ತೆಗೆದ ಒಮೆಗಾ-3 ಎಣ್ಣೆ ಕೇಳಿ ನೋಡಿ. ಅದು ಶಾಕಾಹಾರಿ, ಬೆಲೆ ಹೆಚ್ಚು. ಡಿಎಚ್‌ಎ ಎಂಬ ಇನ್ನೊಂದು ಒಮೆಗಾ-3 ಒಂದೇ ಇದೆಯೋ, ಇಪಿಎಯೂ ಇದೆಯೋ ಎಂದು ಪಟ್ಟಿ ಓದಿ. ಮೀನು ನಡೆಯುವ ಮನೆಯಾದರೆ ಕಾರವಾರದ ಕಡೆಯಿಂದ ಹುಬ್ಬಳ್ಳಿಗೆ ಬರುವ ತಾರ್ಲೆ, ಬಂಗಡೆಯನ್ನು ಉಪ್ಪು-ಖಾರವಿಲ್ಲದೆ ಬೇಯಿಸಿ, ಮುಳ್ಳು ತೆಗೆದು ಕೊಡಬಹುದು. ಪ್ರೋಟೀನೂ ಸಿಕ್ಕಂತಾಗುತ್ತದೆ.

ಅಗಸಿ ಎಂದ ಕೂಡಲೇ ಡಬ್ಬದಲ್ಲಿರುವ ಅಗಸಿ ಚಟ್ನಿ ಪುಡಿಗೆ ಕೈ ಹಾಕುವವರಿಗೊಂದು ಮಾತು. ಅದರಲ್ಲಿ ಬೆಳ್ಳುಳ್ಳಿ ಇದೆ, ಖಾರವಿದೆ, ಉಪ್ಪಿದೆ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಇದೇ ಕಾರಣಕ್ಕೆ ಒಗ್ಗರಣೆಯಲ್ಲಿ ಉಳಿದ ಎಣ್ಣೆ, ಮಿರ್ಚಿ ಭಜಿ ಕರಿದ ಎಣ್ಣೆ ಬಟ್ಟಲಿಗೆ ಬೀಳಬಾರದು. ಕರಿದ ಎಣ್ಣೆ ‘ಹೇಗೂ ಚೆಲ್ಲುವುದೇ ತಾನೇ’ ಎಂಬ ಲೆಕ್ಕ ನಾಯಿಯ ಮೇದೋಜ್ಜೀರಕ ಗ್ರಂಥಿಗೆ ದುಬಾರಿ. ಅಗಸಿ ಕಾಳನ್ನು ಇಡಿಯಾಗಿ ಹಾಕಿದರೆ ಇಡಿಯಾಗಿಯೇ ಹೊರಗೆ ಬರುತ್ತದೆ. ಹಾಕುವುದಾದರೆ ಆಗಾಗ ಪುಡಿ ಮಾಡಿ.

ಕಾಡ್ ಲಿವರ್ ಎಣ್ಣೆ ಮತ್ತು ಮೀನಿನ ಎಣ್ಣೆ ಎರಡೂ ಒಂದೇ ಎಂದು ಕೊಡುವ ಔಷಧಿ ಅಂಗಡಿಯವರಿದ್ದಾರೆ. ಒಂದೇ ಅಲ್ಲ. ಯಕೃತ್ತಿನಿಂದ ತೆಗೆದದ್ದರಲ್ಲಿ ವಿಟಮಿನ್ ಎ ಮತ್ತು ಡಿ ತುಂಬಿರುತ್ತವೆ. ಒಮೆಗಾ-3ರ ಲೆಕ್ಕಕ್ಕೆ ಅದನ್ನು ಸುರಿದರೆ ಈ ಎರಡು ವಿಟಮಿನ್‌ಗಳು ಮೈಯಲ್ಲಿ ಶೇಖರವಾಗಿ ವಿಷವಾಗುತ್ತವೆ. ದನಕ್ಕೆಂದು ಮಾರುವ ಎ-ಡಿ3-ಇ ದ್ರವಕ್ಕೂ ಇದೇ ಮಾತು.

ಚಮಚದ ಲೆಕ್ಕ

ಕುಸುಬಿ ಅಥವಾ ಸೂರ್ಯಕಾಂತಿ ಎಣ್ಣೆಯಾದರೆ 10 ಕೆಜಿ ತೂಕಕ್ಕೆ ದಿನಕ್ಕೆ ಒಂದು ಚಹಾ ಚಮಚ, ಅಂದರೆ 5 ಮಿಲಿ, ಗರಿಷ್ಠವೆಂದು ಇಟ್ಟುಕೊಳ್ಳಿ. ಮೊದಲ ದಿನವೇ ಅಷ್ಟು ಬೇಡ. ಕಾಲು ಚಮಚದಿಂದ ಶುರು ಮಾಡಿ ಒಂದೆರಡು ವಾರದಲ್ಲಿ ಏರಿಸಿ. ಒಂದು ಚಮಚ ಎಣ್ಣೆ ಎಂದರೆ ಸುಮಾರು 40 ಕ್ಯಾಲೊರಿ. ಮನೆಯೊಳಗೇ ಇರುವ 10 ಕೆಜಿಯ ನಾಯಿಗೆ ಇಡೀ ದಿನಕ್ಕೆ ಬೇಕಾಗುವುದು ಸುಮಾರು 550ರಿಂದ 600. ಎಣ್ಣೆ ಕೊಟ್ಟಷ್ಟು ಅನ್ನ-ರೊಟ್ಟಿ ತಗ್ಗಿಸದಿದ್ದರೆ ಮೈ ಹೊಳೆಯುವ ಮೊದಲು ಹೊಟ್ಟೆ ದುಂಡಗಾಗುತ್ತದೆ.

ಮೀನಿನ ಎಣ್ಣೆಯಲ್ಲಿ ಎಡವುವುದು ಡಬ್ಬಿಯ ಮುಂಭಾಗ ಓದಿದವರು. ‘1000 ಮಿಲಿಗ್ರಾಂ’ ಎಂದು ದೊಡ್ಡದಾಗಿ ಬರೆದಿರುವುದು ಎಣ್ಣೆಯ ತೂಕ. ಹಿಂದೆ ಸಣ್ಣ ಅಕ್ಷರದಲ್ಲಿ ಇಪಿಎ 180, ಡಿಎಚ್‌ಎ 120 ಎಂದಿರುತ್ತದೆ. ಕೆಲಸಕ್ಕೆ ಬರುವುದು ಆ 300 ಮಾತ್ರ. ಅಲರ್ಜಿಯ ಚರ್ಮಕ್ಕೆ ಬಳಕೆಯಲ್ಲಿರುವ ಸೂತ್ರದ ಪ್ರಕಾರ (ಕೆಜಿಯಲ್ಲಿ ಹೇಳಿದ ದೇಹತೂಕದ 0.75 ಘಾತವನ್ನು 125 ಮಿಲಿಗ್ರಾಂನಿಂದ ಗುಣಿಸಿದ್ದು) ಇಪಿಎ, ಡಿಎಚ್‌ಎ ಎರಡೂ ಸೇರಿ 10 ಕೆಜಿಯ ನಾಯಿಗೆ ದಿನಕ್ಕೆ ಸುಮಾರು 700 ಮಿಲಿಗ್ರಾಂ, 20 ಕೆಜಿಗೆ 1180, 30 ಕೆಜಿಗೆ 1600. ಲ್ಯಾಬ್ರಡಾರ್‌ಗೆ ದಿನಕ್ಕೊಂದು ಕ್ಯಾಪ್ಸೂಲ್ ಕೊಟ್ಟು ಮೂರು ತಿಂಗಳು ಕಾದವರು ಬೇಕಾದ್ದರ ಐದನೆಯ ಒಂದು ಭಾಗ ಕೊಟ್ಟಿರುತ್ತಾರೆ. ಹಾಗೆಂದು ಮೇಲಕ್ಕೂ ಮಿತಿಯಿದೆ: ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2006ರಲ್ಲಿ ಇದೇ ಲೆಕ್ಕದಲ್ಲಿ 125ರ ಬದಲು 370 ಮಿಲಿಗ್ರಾಂ ಎಂಬ ಸುರಕ್ಷಿತ ಗರಿಷ್ಠವನ್ನು ಹೇಳಿತು, 10 ಕೆಜಿಗೆ ಸುಮಾರು 2080. ಅಲರ್ಜಿಯ ಪ್ರಮಾಣವನ್ನು ವೈದ್ಯರೊಂದಿಗೆ ಮಾತನಾಡಿಯೇ ನಿರ್ಧರಿಸಿ. ಮನುಷ್ಯರಿಗೆಂದು ಬರುವ ಸಿಹಿ, ಚೀಪುವ ಬಗೆಯ ಒಮೆಗಾ ಮಾತ್ರೆಗಳು ಬೇಡ. ಅವುಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ನಾಯಿಗೆ ಪ್ರಾಣಾಪಾಯ.

ಎಣ್ಣೆ ಹಳಸಿದೆಯೇ?

ಒಳ್ಳೆಯ ಕೊಬ್ಬಿನಾಮ್ಲ ಬೇಗ ಹಳಸುತ್ತದೆ. ಅದರ ಗುಣವೂ ದೋಷವೂ ಅದೇ. ಗಾಳಿ, ಬೆಳಕು, ಬಿಸಿ ಮೂರೂ ವೈರಿಗಳು. ಗದಗಿನ ಏಪ್ರಿಲ್‌ನಲ್ಲಿ ಒಲೆಯ ಪಕ್ಕದ ಕಪಾಟಿನಲ್ಲಿ ಇಟ್ಟ ಪಾರದರ್ಶಕ ಬಾಟಲಿಗೆ ಮೂರೂ ಒಟ್ಟಿಗೆ ಸಿಗುತ್ತವೆ. ಒಂದು ತೊಟ್ಟು ಅಂಗೈಗೆ ಹಾಕಿ ತಿಕ್ಕಿ ಮೂಸಿ. ಕುಸುಬಿಯದು ಹಗುರವಾದ ಕಾಳಿನ ವಾಸನೆ ಇರಬೇಕು. ಬಣ್ಣದ ಡಬ್ಬದ ಅಥವಾ ಹಳೆಯ ಕರಿದ ತಿಂಡಿಯ ಕಮಟು ಬಂದರೆ ಚೆಲ್ಲಿ. ಮೀನಿನ ಕ್ಯಾಪ್ಸೂಲನ್ನು ಸೂಜಿಯಿಂದ ಚುಚ್ಚಿ ಮೂಸಿ. ಮೀನಿನ ವಾಸನೆ ಇರಬಹುದು, ಮೂಗು ಸುಡುವ ಕೊಳೆತ ವಾಸನೆ ಇರಬಾರದು. ಇಷ್ಟು ದಿನ ಚಪ್ಪರಿಸುತ್ತಿದ್ದ ನಾಯಿ ಬಟ್ಟಲು ಮೂಸಿ ಹಿಂದೆ ಸರಿದರೆ ಅದರ ಮೂಗನ್ನು ನಂಬಿ.

ಗಾಣದಿಂದ ಐದು ಲೀಟರ್ ಕ್ಯಾನು ತಂದು ಮನೆಗೂ ನಾಯಿಗೂ ಒಂದೇ ಎಂದು ಇಡುವ ಬದಲು, ನಾಯಿಗೆ ಕಾಲು ಲೀಟರನ್ನು ಬೇರೆ ಕಪ್ಪು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಊಟ ಬಿಸಿಯಿರುವಾಗ ಸುರಿಯಬೇಡಿ, ಆರಿದ ಮೇಲೆ ಬೆರೆಸಿ. ದೀರ್ಘಕಾಲ ಮೀನಿನ ಎಣ್ಣೆ ಕೊಡುವ ನಾಯಿಗೆ ವಿಟಮಿನ್ ಇ ಅಗತ್ಯವೂ ಹೆಚ್ಚುತ್ತದೆ. ಅದು ಸೇರಿರುವ ಉತ್ಪನ್ನ ಒಳ್ಳೆಯದು.

ಎಣ್ಣೆ ಶುರುವಾದ ಮೇಲೆ ಬಂದ ಹೊಸ ತೊಂದರೆಗಳು

ಮಲ ತೆಳ್ಳಗಾದರೆ ಪ್ರಮಾಣ ಅರ್ಧಕ್ಕೆ ಇಳಿಸಿ, ನಿಧಾನವಾಗಿ ಏರಿಸಿ. ಮೈಯಿಂದ, ಬಾಯಿಂದ ಮೀನಿನ ವಾಸನೆ ಬಂದರೆ ಊಟದ ನಡುವೆ ಬೆರೆಸಿ ಕೊಡಿ.

ಇದು ಮಾತ್ರ ಕಾಯುವಂಥದ್ದಲ್ಲ: ಮರಳಿ ಮರಳಿ ವಾಂತಿ, ಊಟ ಸಂಪೂರ್ಣ ಬಿಡುವುದು, ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ನಮಸ್ಕಾರದ ಭಂಗಿಯಲ್ಲಿ ನಿಲ್ಲುವುದು, ಹೊಟ್ಟೆ ಮುಟ್ಟಿದರೆ ಗುರುಗುಟ್ಟುವುದು. ಮೇದೋಜ್ಜೀರಕ ಗ್ರಂಥಿಯ ಉರಿಯೂತದ ಲಕ್ಷಣ ಇದು, ಪ್ರಾಣಕ್ಕೆ ಅಪಾಯ. ಎಣ್ಣೆ ಕೂಡಲೇ ನಿಲ್ಲಿಸಿ, ವೈದ್ಯರಿಗೆ ಎಷ್ಟು ಎಣ್ಣೆ ಕೊಟ್ಟಿರಿ ಎಂದು ಮುಚ್ಚಿಡದೆ ಹೇಳಿ. ಹಿಂದೊಮ್ಮೆ ಈ ರೋಗ ಬಂದಿದ್ದ ನಾಯಿಗೆ, ರಕ್ತದಲ್ಲಿ ಕೊಬ್ಬು ಹೆಚ್ಚಿರುವ ನಾಯಿಗೆ ವೈದ್ಯರ ಅನುಮತಿಯಿಲ್ಲದೆ ಎಣ್ಣೆ ಬೇಡ. ಸಂತಾನಹರಣ ಅಥವಾ ಬೇರೆ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಮೀನಿನ ಎಣ್ಣೆಯ ವಿಷಯವನ್ನು ಮೊದಲೇ ತಿಳಿಸಿ. ಹೆಚ್ಚು ಪ್ರಮಾಣದಲ್ಲಿ ಅದು ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸಬಹುದು.

ಮೈಗೆ ಹಚ್ಚುವ ಪ್ರಶ್ನೆ

ಮೈಗೆ ಹಚ್ಚಿದ ಎಣ್ಣೆ ಆ ಹೊತ್ತಿಗೆ ಮಿರುಗುತ್ತದೆ, ಧೂಳು ಹಿಡಿಯುತ್ತದೆ, ನಾಯಿ ನೆಕ್ಕುತ್ತದೆ. ದೋಷ ಹುಡುಕುವವರಿಗೆ ಇನ್ನೊಂದು ತೊಡಕು: ನಿಜವಾಗಿ ಕೂದಲು ಸುಧಾರಿಸಿತೋ ಇಲ್ಲವೋ ಎಂದು ತಿಳಿಯುವುದೇ ಇಲ್ಲ. ಟೀ ಟ್ರೀ ಎಣ್ಣೆ ನಾಯಿಗೆ ವಿಷ. ಗ್ಯಾರೇಜಿನ ಸುಟ್ಟ ಆಯಿಲ್ ಬಳಿದರೆ ಕಜ್ಜಿ ಹೋಗುತ್ತದೆ ಎಂಬ ಹಳ್ಳಿಯ ಉಪಾಯ ಇನ್ನೂ ಸತ್ತಿಲ್ಲ. ಆ ಆಯಿಲಿನಲ್ಲಿರುವ ಭಾರಲೋಹ, ಹೈಡ್ರೋಕಾರ್ಬನ್‌ಗಳು ಚರ್ಮದಿಂದಲೂ ನಾಲಿಗೆಯಿಂದಲೂ ಒಳಗೆ ಹೋಗುತ್ತವೆ. ಬೀದಿನಾಯಿಗೆ ಉಪಕಾರ ಮಾಡುತ್ತೇನೆಂದು ಇದನ್ನು ಮಾಡುವವರನ್ನು ಕಂಡರೆ ತಡೆಯಿರಿ.

ಎಷ್ಟು ದಿನಕ್ಕೆ ನೋಡಬೇಕು?

ನಾಯಿಯ ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಮೂರು ವಾರ ಬೇಕು. ಹಾಗಾಗಿ ಹೊಟ್ಟು ತಗ್ಗುವುದು ಮೂರು-ನಾಲ್ಕು ವಾರಕ್ಕೆ, ಕೂದಲಿನ ಹೊಳಪು ಆರರಿಂದ ಎಂಟು ವಾರಕ್ಕೆ, ಅಲರ್ಜಿಯ ತುರಿಕೆಯಲ್ಲಿ ಮೀನಿನ ಎಣ್ಣೆಯ ಪರಿಣಾಮ ಎಂಟರಿಂದ ಹನ್ನೆರಡು ವಾರಕ್ಕೆ. ಹದಿನೈದು ದಿನಕ್ಕೊಂದು ಎಣ್ಣೆ ಬದಲಿಸುವವರಿಗೆ ಯಾವುದೂ ತಿಳಿಯುವುದಿಲ್ಲ. ಶುರು ಮಾಡುವ ದಿನ ಪಕ್ಕೆಯ ಒಂದೇ ಜಾಗದಲ್ಲಿ ಕೂದಲನ್ನು ಎರಡು ಬೆರಳಿನಿಂದ ಸರಿಸಿ, ಬುಡದ ಚರ್ಮ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ಎರಡು ವಾರಕ್ಕೊಮ್ಮೆ ಅದೇ ಜಾಗ, ಅದೇ ಹೊತ್ತು. ಆ ಅವಧಿಯಲ್ಲಿ ಹೊಸ ಶಾಂಪೂ, ಹೊಸ ಪ್ಯಾಕೆಟ್ ಊಟ ಏನನ್ನೂ ಸೇರಿಸಬೇಡಿ.

ಎಂಟು ವಾರವಾದರೂ ಹೊಟ್ಟು ಹಾಗೆಯೇ ಇದ್ದರೆ ಪ್ರಮಾಣ ಏರಿಸುವುದರಲ್ಲಿ ಅರ್ಥವಿಲ್ಲ. ಎಣ್ಣೆ ನಿಲ್ಲಿಸಿ, ಆ ಫೋಟೊಗಳು, ಊಟದ ವಿವರ, ಎಣ್ಣೆಯ ಬಾಟಲಿ, ಕೊಟ್ಟ ಉಣ್ಣಿ ಔಷಧಿಯ ಹೆಸರು ಮತ್ತು ದಿನಾಂಕ ಇಷ್ಟನ್ನು ಹಿಡಿದು ವೈದ್ಯರ ಬಳಿ ಹೋಗಿ. ಹೋಗುವ ಮೊದಲು ಕೆಲವು ದಿನ ಸ್ನಾನ ಮಾಡಿಸಬೇಡಿ, ಮುಲಾಮು ಹಚ್ಚಬೇಡಿ. ತೊಳೆದು ಒರೆಸಿದ ಚರ್ಮದಲ್ಲಿ ಸೂಕ್ಷ್ಮದರ್ಶಕಕ್ಕೂ ಏನೂ ಕಾಣುವುದಿಲ್ಲ. ಸುಧಾರಿಸಿದ್ದರೆ ಅದೇ ಪ್ರಮಾಣವನ್ನು ಇನ್ನೊಂದು ತಿಂಗಳು ಮುಂದುವರಿಸಿ, ಆಮೇಲೆ ಅರ್ಧಕ್ಕೆ ಇಳಿಸಿ ನೋಡಿ. ಅರ್ಧದಲ್ಲೂ ಮೈ ಚೆನ್ನಾಗಿಯೇ ಉಳಿದರೆ ನಿಮ್ಮ ನಾಯಿಗೆ ಬೇಕಾದದ್ದು ಅಷ್ಟೇ.